ಕೂಡದ ಎಲುಬು, ಮುಚ್ಚಿಟ್ಟ ಮಾತು

"ನನ್ನ ಕಾಲು ಕತ್ತರಸ್ತಾರೇನ್ರಿ?"

ಸ್ಟ್ರೆಚರ್ ಮೇಲಿಂದಲೇ ತಬಸ್ಸುಮ ಅವನ ಬಿಳಿ ಕೋಟಿನ ತೋಳು ಹಿಡಿದಿದ್ದಳು. ಬಬಲೇಶ್ವರದ ಶಾಲೆಯಲ್ಲಿ ಹುಡುಗಿಯರಿಗೆ ಖೋ ಖೋ ಕಲಿಸುವ ಟೀಚರ್ ಅವಳು. ಬೆಳಿಗ್ಗೆ ತಿಕೋಟಾದಿಂದ ಹೊರಟ ಜೀಪು ಪಲ್ಟಿಯಾಗಿ, ಮೊಣಕಾಲ ಕೆಳಗಿನ ಎಲುಬು ಚೂರಾಗಿತ್ತು.

"ಇಲ್ರೀ... ನಾ ಬಿಡೂದಿಲ್ಲ," ಎಂದ ಅವನು.

ಆ ಕಣ್ಣುಗಳನ್ನು ಅವಳು ನಂಬಿದಳು!

ಅವನು ಸೊಹೇಲ. ವಿಜಯಪುರದ ಆ ಆಸ್ಪತ್ರೆಯ ಸಂಶೋಧಕ. ಎಲುಬಿನಂತೆಯೇ ಸಣ್ಣ ಸಣ್ಣ ತೂತುಗಳಿರುವ ಆಸರೆಯೊಂದನ್ನು ತಯಾರಿಸಿದ್ದ.

"ದ್ರಾಕ್ಷಿ ಬಳ್ಳಿಗೆ ಚಪ್ಪರ ಹಾಕ್ತೀವಲ್ಲ, ಹಂಗ. ನಿಮ್ಮ ಎಲುಬು ಅದರಾಗ ಹಬ್ಬಿ ಬೆಳೀತೈತಿ. ಬೆಳದಂಗ ಆಸರಾ ತಾನಾ ಕರಗತೈತಿ."

"ಎಲುಬು ಬೆಳೆಯೂಕಿಂತ ಮೊದಲ ಕರಗಿದ್ರ?"

"ನಾ ಅದೀನಲ್ಲ!" ಎಂದು ನಕ್ಕ.

ಇನ್ನೂ ಪ್ರಯೋಗದಲ್ಲಿರುವುದೆಂದು ಗೊತ್ತಿದ್ದೇ ಅವಳು ಒಪ್ಪಿದಳು. ಡಾಕ್ಟರ್ ವಿಜಯಲಕ್ಷ್ಮೀ ಆಪರೇಷನ್ ಮಾಡಿದರು. ಸಂಜೆಯಾದರೆ ಸೊಹೇಲ ಬಂದು ಅವಳನ್ನು ವರಾಂಡದಲ್ಲಿ ನಡೆಸುತ್ತಿದ್ದ. ಅವನ ಹೆಗಲ ಮೇಲಿಟ್ಟ ಕೈಯನ್ನು, ನಡಿಗೆ ಮುಗಿದರೂ ತೆಗೆಯಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ...

ತಿಕೋಟಾದ ಅವಳ ಮನೆಯಲ್ಲಿ ಇಬ್ಬರ ಮದುವೆ ನಿಶ್ಚಯವಾಯಿತು. ತಾಯಿ ಆಶಾಬಿ ಇಡೀ ಓಣಿಗೆ ಸಿಹಿ ಹಂಚಿದಳು.

ಆದರೆ ಕಾಲು ಮತ್ತೆ ನೋಯತೊಡಗಿತು. ಫೋನಿನಲ್ಲಿ ಅವಳು ಅತ್ತಾಗಲೆಲ್ಲ ಅವನದು ಒಂದೇ ಮಾತು. "ನೋವು ಇರೂದಾ. ಸಾವಕಾಶ ನಡಿ, ಕಡಿಮಿ ಆಗತೈತಿ."

ನೋವು ತಾಳಲಾರದೆ ಒಬ್ಬಳೇ ಆಸ್ಪತ್ರೆಗೆ ಹೋದಳು. ದೀರ್ಘ ರಜೆ ಮುಗಿಸಿ ಅಂದೇ ಬಂದಿದ್ದ ವಿಜಯಲಕ್ಷ್ಮೀ ಹಳೆಯ, ಹೊಸ ಎಕ್ಸ್‌ರೇಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರು.

"ಆಸರಾ ಕರಗೇತವ್ವಾ... ಎಲುಬು ಕೂಡಿಲ್ಲ. ಸೊಹೇಲ ಹೇಳ್ಲಿಲ್ಲೇನು? ನಿಮ್ಮ ನಿಶ್ಚಯಕ್ಕಿಂತ ಮೊದಲಿನ ಎಕ್ಸ್‌ರೇದಾಗ ಕಾಣತೈತಿ."

ನಿಶ್ಚಯಕ್ಕಿಂತ ಮೊದಲು! ಹಾಗಾದರೆ ಉಂಗುರ ತೊಡಿಸಿದಾಗಲೂ ಅವನಿಗೆ ಗೊತ್ತಿತ್ತು. 'ನಡಿ' ಅಂದಾಗಲೂ ಗೊತ್ತಿತ್ತು...

ಗೋಡೆ ಹಿಡಿದುಕೊಂಡು ಅವನ ಪ್ರಯೋಗಾಲಯಕ್ಕೆ ಹೋದಳು.

"ಗೊತ್ತಿತ್ತೇನ್ರಿ ನಿಮಗ?"

ಅವನು ತಲೆ ತಗ್ಗಿಸಿದ. "ಮುಂದಿನ ಎಕ್ಸ್‌ರೇ ಛಲೋ ಬರತೈತಿ ಅನಕೊಂಡಿದ್ದೆ..."

"ನಾ ಅಳಾಕತ್ತಿದ್ದೆ. ನೀವು ನಡಿ ಅಂದ್ರಿ!"

"ತಬಸ್ಸುಮ..."

"ಕಾಲು ಹೋಗಿದ್ರ ತಡಕೊತಿದ್ನಿರಿ. ಇದನ್ನ ಹೆಂಗ ತಡಕೊಳ್ಳಲಿ?"

ಉಂಗುರ ಕಳಚಿ ಮೇಜಿನ ಮೇಲಿಟ್ಟಳು. ಅವನು ಆಸರೆಗೆಂದು ಕೈ ಚಾಚಿದ. ಅವಳು ಮತ್ತೆ ಗೋಡೆಯನ್ನೇ ಹಿಡಿದಳು.

ಸೊಂಟದಿಂದ ಎಲುಬು ತೆಗೆದು ಕಾಲಿಗೆ ಕೂಡಿಸುವ ಎರಡನೆಯ ಆಪರೇಷನ್ ಆಯಿತು. ಅವನು ಹತ್ತಿರ ಸುಳಿಯಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ಅವಳು ಆ ಕಡೆ ತಿರುಗುತ್ತಿದ್ದಳು. ಛೇ, ಇನ್ನೂ ಯಾಕ ಕಾಯಾಕತ್ತೀನಿ? ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಒಂದು ದಿನ ವಿಜಯಲಕ್ಷ್ಮೀ ಹೇಳಿದರು. "ಎಲ್ಲಾ ಡಾಕ್ಟರ್‌ಗೋಳ ಮುಂದ ನಿಂತು ಒಪ್ಪಿಕೊಂಡಾನ. ಆಸರಾ ಸೋತದ್ದು, ತಾ ಮುಚ್ಚಿಟ್ಟದ್ದು, ಎಲ್ಲಾ. ಪ್ರಯೋಗ ನಿಲ್ಲಿಸ್ಯಾರ. ಅವನನ್ನೂ ಕೆಲಸದಿಂದ ತೆಗದಾರ."

"ಅವರಿಗೆ ಹೇಳ್ಯಾನ," ಎಂದಳು ತಬಸ್ಸುಮ. "ನನಗ?"

ಅವಳು ಮನೆಗೆ ಮರಳಿದ ವಾರವೇ ಅವನು ತಿಕೋಟಾಕ್ಕೆ ಬಂದ. ಆಶಾಬಿ ಹೊಸ್ತಿಲಲ್ಲೇ ತಡೆದಳು. "ಯಾವ ಮಾರಿ ಇಟಗೊಂಡ ಬಂದೀಯಪಾ?"

ಒಳಗೆ ಮಂಚದ ಮೇಲಿದ್ದ ತಬಸ್ಸುಮಳಿಗೆ ಕೇಳುವಂತೆ, ಅವನು ಹೊರಗಿನಿಂದಲೇ ಹೇಳಿದ.

"ನನ್ನ ಹೆಸರು ಕೆಡತೈತಿ ಅಂತ ಅಂಜಿದೆ. ನೀ ಬಿಟ್ಟ ಹೋಗ್ತಿ ಅಂತನೂ ಅಂಜಿದೆ. ಆ ಅಂಜಿಕಿನೆಲ್ಲ ನಿನ್ನ ಕಾಲ ಮ್ಯಾಲ ಹೊರಿಸಿದೆ. ಮಾಫ್ ಮಾಡು ಅನ್ನೂ ಹಕ್ಕಿಲ್ಲ. ನಿನಗ ನಾನಾ ಹೇಳಬೇಕಿತ್ತು... ಹೇಳಾಕ ಬಂದೆ."



"ಈ ಸಲ ಎಲುಬು ಕೂಡತೈತೇನ್ರಿ?" ಒಳಗಿನಿಂದ ದನಿ ಬಂತು.

"ಗೊತ್ತಿಲ್ಲ, ತಬಸ್ಸುಮ."

ಅವಳ ಕಣ್ಣು ತುಂಬಿ ಬಂತು. ಅವನು ಮೊದಲ ಸಲ 'ಗೊತ್ತಿಲ್ಲ' ಅಂದಿದ್ದ!

"ಅಮ್ಮಿ, ಒಳಗ ಬಿಡು."

ಅವನು ಬಂದು ಬಾಗಿಲ ಬಳಿಯೇ ನಿಂತ.

"ಸಿಟ್ಟು ಹೋಗಿಲ್ಲ ನಂದು," ಎಂದಳು.

"ಹೋಗೂದು ಬ್ಯಾಡ."

"ನಾಳೆ ಎಕ್ಸ್‌ರೇ ಐತಿ."

"ಮೇಡಂ ನೋಡ್ತಾರ. ನಾ ನೋಡಂಗಿಲ್ಲ ಈಗ."

"ನೋಡೂದಲ್ರೀ... ಬಾಜೂಕ ಕುಂದರ್ರಿ. ಛಲೋ ಇರಲಿ, ಕೆಟ್ಟ ಇರಲಿ, ಇಬ್ಬರೂ ಕೂಡೇ ಕೇಳೂಣು."

"ಬರ್ತೀನಿ."

"ಮೊದಲನೇ ಬಸ್ಸಿಗೆ ಇಲ್ಲಿಗೆ ಬರ್ರಿ. ತಡಾ ಮಾಡಬ್ಯಾಡ್ರಿ..." ಅವಳು ಮುಖ ಆಚೆ ತಿರುಗಿಸಿದಳು. "ಬಸ್ ಹತ್ತೂವಾಗ ಯಾರದರ ಕೈ ಹಿಡೀಬೇಕಾಗತೈತಿ ನನಗ."