ಬಿಂಬಗೊಳದ ಕೊನೆಯ ತಾವರೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಶೋಣಪುರವೆಂಬ ರಾಜ್ಯವಿತ್ತು. ಆ ರಾಜ್ಯದ ಹೆಮ್ಮೆ ಒಂದೇ: ಒಪ್ಪ. ಪ್ರತಿ ಅಮಾವಾಸ್ಯೆಯ ದಿನ ಅರಮನೆಯ ನಗಾರಿ ಮೊಳಗಿದೊಡನೆ ಜನರೆಲ್ಲ ಸೆರಗು ಬಿಗಿದು ಹೊರಡುತ್ತಿದ್ದರು. ಹಲವು ಕಣಜಗಳಲ್ಲಿ ಹಂಚಿಹೋಗಿದ್ದ ಭತ್ತ ಒಂದೇ ಕಣಜಕ್ಕೆ ಬರುತ್ತಿತ್ತು. ಬೀದಿಬೀದಿಗೆ ಚೆದರಿದ್ದ ಮಡಕೆಗಳು ಒಂದೇ ಸಾಲಿಗೆ ಸೇರುತ್ತಿದ್ದವು. ಹುಡುಕುವವನ ಕಾಲು ನೋಯಬಾರದು ಎಂಬುದು ಅಲ್ಲಿನ ಮಾತು.

ಆ ರಾಜ್ಯಕ್ಕೆ ಇನ್ನೊಂದು ಭಾಗ್ಯವೂ ಇತ್ತು. ವಾಡಿಕೆಯಂತೆ ಹುಣ್ಣಿಮೆಗೊಮ್ಮೆ ಗೋಪುರದ ಗಂಟೆ ಬಾರಿಸುತ್ತಿದ್ದರು. ಬಾರಿಸಿದಾಗಲೆಲ್ಲ ದೂರದ ಕಾಡಿನ ಬಿಂಬಗೊಳದಲ್ಲಿ ಒಂದು ತಾವರೆ ಅರಳುತ್ತಿತ್ತು. ಆ ಗಳಿಗೆಯಲ್ಲಿ ರಾಜ್ಯ ಹೇಗಿತ್ತೋ ಹಾಗೆಯೇ ಅದರೊಳಗೆ ಉಳಿಯುತ್ತಿತ್ತು. ಕೇಡು ಬಂದಾಗ ತಾವರೆಯನ್ನು ಕೊಯ್ದರೆ ಸಾಕು, ರಾಜ್ಯವು ಆ ಗಳಿಗೆಗೆ ಮರಳುವುದು. ಇದನ್ನು ಎಲ್ಲರೂ ಬಲ್ಲರು. ಕೇಡು ಬಂದಿರಲಿಲ್ಲವಾದ್ದರಿಂದ ಕೊಳವನ್ನು ನೋಡಲು ಯಾರೂ ಹೋಗಿರಲಿಲ್ಲ.

ಒಮ್ಮೆ ಅರಸನು ನೆರೆರಾಜ್ಯಕ್ಕೆ ತೆರಳಿದ್ದಾಗ ಅವನ ಮಗಳು ಚಂಪಕೆ ರಾಜ್ಯವಾಳುತ್ತಿದ್ದಳು. ಆಗ ಜಟಿಲಾಂಗನೆಂಬ ಮಾಂತ್ರಿಕನು ಸಭೆಗೆ ಬಂದು, "ಬಿಂಬಗೊಳವನ್ನು ನನಗೆ ಕೊಡು" ಎಂದನು.

"ಕೊಡಲಾರೆ" ಎಂದಳು ಚಂಪಕೆ.

ಅವನು ಚೀಲದಿಂದ ಒಂದು ಹಿಡಿ ಬೂದಿಯನ್ನು ತೆಗೆದು ಊದಿದನು. ಶೋಣಪುರದ ಮಕ್ಕಳೆಲ್ಲ ಸುಡದ ಮಣ್ಣಿನ ಗೊಂಬೆಗಳಾದರು. ಉಣ್ಣುತ್ತಿದ್ದ ಮಗು ಬಾಯಿ ತೆರೆದಂತೆಯೇ ಮಣ್ಣಾಯಿತು. ಜಗಳವಾಡುತ್ತಿದ್ದ ಮಕ್ಕಳು ಒಬ್ಬರ ಜುಟ್ಟನ್ನೊಬ್ಬರು ಹಿಡಿದಂತೆಯೇ ಮಣ್ಣಾದರು. ಚಂಪಕೆಯ ಪುಟ್ಟ ತಮ್ಮ ಸುಕೇತನು ಅವಳ ಬೆರಳು ಹಿಡಿದಿದ್ದನು. ಅವಳ ಬೆರಳಿನಲ್ಲಿ ಉಳಿದದ್ದು ಹಸಿಮಣ್ಣಿನ ತಂಪು.

ಯಾರೂ ಅಳಲಿಲ್ಲ. ಅಳುವುದಕ್ಕೂ ಒಂದು ತಿಳಿವು ಬೇಕು. ಅದು ಅವರಿಗೆ ಇನ್ನೂ ಬಂದಿರಲಿಲ್ಲ.

ಅರಮನೆಯ ಒಪ್ಪವನ್ನೆಲ್ಲ ನಡೆಸುವ ಹಿರಿಯಳು ಹೊನ್ನಾಂಬೆ. ಅವಳ ಮೊಮ್ಮಗಳೂ ಗೊಂಬೆಯಾಗಿದ್ದಳು. ಅವಳು ಬಂದು, "ಅಮ್ಮಣ್ಣೀ, ಅಪ್ಪಣೆಯೇನು?" ಎಂದು ಕೇಳಿದಳು.

ಶೋಣಪುರದ ಮಗಳಾದ ಚಂಪಕೆಯ ಬಾಯಿಗೆ ಶೋಣಪುರದ ಮಾತೇ ಬಂದಿತು. "ಮೊದಲು ಎಲ್ಲವನ್ನೂ ಒಪ್ಪ ಮಾಡಿ. ಒಂದು ಗೊಂಬೆಯೂ ತಪ್ಪದಂತೆ ಅಂಗಳಕ್ಕೆ ತಂದು ಎತ್ತರದ ಪ್ರಕಾರ ಸಾಲಿಗಿಡಿ. ಮನೆ, ಕಣಜ, ಬೀದಿ, ಯಾವುದೂ ಅಸ್ತವ್ಯಸ್ತವಾಗಿರಕೂಡದು. ನಾನು ತಾವರೆ ಕೊಯ್ದು ಬರುವೆ."

ಅವಳು ಕುದುರೆಯೇರಿ ಕಾಡನ್ನು ಹೊಕ್ಕಳು. ಪೂರ್ವಜರ ಕಾಲದಿಂದ ಅರಳಿದ ತಾವರೆಗಳು ಕೊಳವನ್ನೇ ಮುಚ್ಚಿರುತ್ತವೆಂದು ಅವಳು ನಂಬಿದ್ದಳು. ಕೊಳದ ಬಳಿ ಅವಳು ಕುದುರೆಯಿಂದಿಳಿದಳು. ಕದಡಿದ ನೀರು ದಂಡೆಯ ಅಂಚಿಗೆ ಬಂದು ತುಳುಕುತ್ತಿತ್ತು. ನಡುವೆ ಒಂದೇ ಒಂದು ತಾವರೆ. ನೋಡುತ್ತಿದ್ದಂತೆಯೇ ಅದರದೊಂದು ಎಸಳು ಉದುರಿತು.

ದಂಡೆಯ ಮರದಿಂದ ಒಂದು ಗಿಳಿ, "ಬಾ ತಾಯಿ! ತಡವಾಗಿ ಬಂದರೂ ಹೆರಳು ಮಾತ್ರ ನೆಟ್ಟಗಿದೆ" ಎಂದಿತು.

"ಉಳಿದ ತಾವರೆಗಳೆಲ್ಲಿ?"

ನೀರಿನಿಂದ ಮುದಿ ಆಮೆಯೊಂದು ತಲೆಯೆತ್ತಿತು. ಅದು ಕೊಳದ ಕಾವಲಿನ ಆಮೆ. "ಮುಳುಗಿಸಿದೆ" ಎಂದಿತು.

"ಮಾಂತ್ರಿಕನ ಮಾತು ಕೇಳಿಯೇ?"

"ಅವನು ಇತ್ತ ಸುಳಿದೇ ಇಲ್ಲ. ಮಗಳೇ, ತಾವರೆ ಅರಳಿದ ಮೇಲೆ ರಾಜ್ಯದಲ್ಲಿ ಯಾವ ವಸ್ತು ಕದಲಿದರೂ, ಅದು ಮೊದಲಿದ್ದ ತಾವನ್ನು ಈ ಕೊಳ ನೆನಪಿಡಬೇಕು. ಮಡಕೆಯೊಂದು ಎಡದಿಂದ ಬಲಕ್ಕೆ ಸರಿದರೆ ಇಲ್ಲಿ ಒಂದು ಹನಿ ಹೆಚ್ಚುತ್ತದೆ. ದಂಡೆಯಾದರೋ ನಿಮ್ಮ ಹಿರಿಯರು ಕಟ್ಟಿದಷ್ಟೇ. ನೀರು ತುಳುಕಿದಾಗ ಹಳೆಯ ತಾವರೆಯನ್ನು ಮುಳುಗಿಸಿ, ಅದರ ನೆನಪಿನ ಹನಿಗಳನ್ನು ಇಂಗಿಸಿ, ಹೊಸ ಹನಿಗೆ ಜಾಗ ಮಾಡುತ್ತೇನೆ. ಅದೇ ನನಗೆ ಹಾಕಿಕೊಟ್ಟ ಕಟ್ಟಳೆ."

"ಆದರೆ ಒಪ್ಪ ಮಾಡಿದರೆ ಮಡಕೆ ಒಡೆಯುವುದಿಲ್ಲವಲ್ಲ! ಇದ್ದಂತೆಯೇ ಇರುತ್ತದಲ್ಲ!"

"ನನಗೆ ಒಡೆದದ್ದೂ ಒಂದೇ, ಸರಿದದ್ದೂ ಒಂದೇ" ಎಂದಿತು ಆಮೆ. "ಪ್ರತಿ ಅಮಾವಾಸ್ಯೆಗೂ ನೀವು ಒಪ್ಪ ಮಾಡಿದಿರಿ, ಪ್ರತಿ ಅಮಾವಾಸ್ಯೆಗೂ ನಾನು ಮುಳುಗಿಸಿದೆ. ನೋಡಲು ಯಾರು ಬಂದಿರಿ? ಈಗ ಉಳಿದಿರುವುದು ಮೊನ್ನೆಯ ಹುಣ್ಣಿಮೆಯದು. ಇಂದು ನಿನ್ನ ಇಡೀ ರಾಜ್ಯವೇ ಕದಲುತ್ತಿದೆ; ನೀರು ಉಕ್ಕಿದಂತೆ ಇದರ ಎಸಳು ಉದುರುತ್ತಿದೆ. ಇದು ಹೋದರೆ ಮಕ್ಕಳು ಎಂದೆಂದಿಗೂ ಮಣ್ಣು."

ಚಂಪಕೆ ನೀರಿಗೆ ಧುಮುಕಹೋದಳು. ಆಮೆ ತಡೆಯಿತು. "ನೀರು ತಿಳಿಯಾಗದೆ ಕೊಯ್ದರೆ ಕೈಗೆ ಕೆಸರು ಬರುತ್ತದೆ. ಅಲ್ಲಿ ಎಲ್ಲರೂ ನಿಂತರೆ ಮಾತ್ರ ಇಲ್ಲಿ ನೀರು ನಿಲ್ಲುತ್ತದೆ."

ಚಂಪಕೆ ಗಿಳಿಗೆ ಕೈಮುಗಿದಳು. "ಹೋಗು. ಒಪ್ಪ ಮಾಡಿದ್ದು ಸಾಕೆಂದು ಹೇಳು." ತನ್ನ ಅಪ್ಪಣೆಯೇ ತಪ್ಪೆಂದು ಹೇಳಿಕಳಿಸಲು ಅವಳ ನಾಲಿಗೆ ಹೊರಳಲಿಲ್ಲ.

ಗಿಳಿ ಹಾರಿತು, ಗಿಳಿ ಮರಳಿತು. "ಹೇಳಿದೆ. 'ಪಾಪ, ಅಮ್ಮಣ್ಣಿ ನಮ್ಮ ಮೇಲೆ ಕನಿಕರಪಟ್ಟಿದ್ದಾಳೆ. ಅವಳು ಬರುವಷ್ಟರಲ್ಲಿ ಮುಗಿಸಿಬಿಡೋಣ, ಕೈ ಬೀಸಿರೇ!' ಎಂದಳು ಹೊನ್ನಾಂಬೆ. ಈಗ ಕೆಲಸ ಮೊದಲಿಗಿಂತ ಬಿರುಸು."

ತಾವರೆಯ ಎಸಳುಗಳು ಉದುರಿದವು.

"ಇದು ಕನಿಕರವಲ್ಲ, ರಾಜಾಜ್ಞೆಯೆಂದು ಹೇಳು. ಈ ಕ್ಷಣವೇ ಕೆಲಸ ನಿಲ್ಲಲಿ."

ಗಿಳಿ ಹಾರಿತು, ಗಿಳಿ ಮರಳಿತು. "ನಿಲ್ಲಿಸಿದರು ತಾಯಿ, ತಕ್ಷಣವೇ ನಿಲ್ಲಿಸಿದರು! ನಿಲ್ಲಿಸಿದ ಮೇಲೆ ಪೊರಕೆಗಳನ್ನು ಪೊರಕೆಯ ಮೂಲೆಗೆ, ಬುಟ್ಟಿಗಳನ್ನು ಬುಟ್ಟಿಯ ಮೂಲೆಗೆ ಜೋಡಿಸುತ್ತಿದ್ದಾರೆ. ಇಡೀ ರಾಜ್ಯದ ಪೊರಕೆಗಳು!"

ತಾವರೆಯಲ್ಲಿ ಕೆಲವೇ ಎಸಳುಗಳು ಉಳಿದವು. ಚಂಪಕೆ ತನ್ನ ಮುಡಿಯ ರತ್ನವನ್ನು ಕಿತ್ತು ನೆಲಕ್ಕಿಟ್ಟಳು.

"ಹೀಗೆ ಹೇಳು: ನಾನು ಕೊಟ್ಟ ಅಪ್ಪಣೆಯೇ ಮಕ್ಕಳ ದಾರಿಯನ್ನು ಮುಚ್ಚುತ್ತಿದೆ. ತಪ್ಪು ನನ್ನದು. ಕೈಯಲ್ಲಿದ್ದದ್ದು ಕೈಯಲ್ಲೇ ಇರಲಿ, ಎತ್ತಿದ ಹೆಜ್ಜೆ ಅಲ್ಲಿಯೇ ನಿಲ್ಲಲಿ. ಏನೇ ಆದರೂ, ಯಾರೇ ಕರೆದರೂ, ಯಾವುದನ್ನೂ ಕದಲಿಸಬೇಡಿ."

ಗಿಳಿ ಮೂರನೆಯ ಬಾರಿ ಹಾರಿತು. ಆ ಮಾತು ಕೇಳಿ ಅಂಗಳದಲ್ಲಿ ಹೊನ್ನಾಂಬೆಯ ಜೀವಮಾನದ ಒಪ್ಪವೆಲ್ಲ ಅವಳ ಕಣ್ಣ ಮುಂದೆ ಕುಸಿಯಿತು. ಆದರೂ ಅವಳು ಗಟ್ಟಿಯಾಗಿ ಕೂಗಿದಳು: "ನಿಲ್ಲಿ! ಇದ್ದಲ್ಲೇ ನಿಲ್ಲಿ! ಮೂಗಿನ ಮೇಲೆ ನೊಣ ಕೂತರೆ ಕೂರಲಿ!"

ಶೋಣಪುರ ನಿಂತಿತು. ಅರ್ಧ ಎತ್ತಿದ ಬುಟ್ಟಿ ಅರ್ಧದಲ್ಲಿ, ವಾರೆಯಾದ ಮಡಕೆ ವಾರೆಯಾಗಿ ನಿಂತವು.

ಆಗ ಜಟಿಲಾಂಗನು ಅಂಗಳಕ್ಕೆ ಬಂದನು. ಆಕಾಶದತ್ತ ಕೈಬೀಸಿ ಮೋಡ ಕರೆದನು. ಸುಡದ ಮಣ್ಣಿನ ಗೊಂಬೆಗಳ ಮೇಲೆ ಮೊದಲ ಹನಿಗಳು ಬಿದ್ದವು.

"ತಾಯಂದಿರೇ, ಮಳೆ ಬಂತಲ್ಲ! ಮಕ್ಕಳನ್ನು ಎತ್ತಿಕೊಳ್ಳುವುದಿಲ್ಲವೇ?" ಎಂದು ನಕ್ಕನು. "ನಾನು ಊದಿದ್ದು ಒಂದು ಹಿಡಿ ಬೂದಿ. ಉಳಿದದ್ದನ್ನೆಲ್ಲ ನಿಮ್ಮ ಪೊರಕೆಗಳೇ ಮಾಡಿದವು. ನೋಡು ಮುದುಕಿ, ನಿನ್ನ ಮೊಮ್ಮಗಳ ಮೂಗು ಕರಗುತ್ತಿದೆ. ಒಂದು ಹೆಜ್ಜೆ ಮುಂದಿಟ್ಟರೆ ನಿನ್ನ ಕೈಗೆ ಸಿಗುತ್ತಾಳೆ."

ಹೊನ್ನಾಂಬೆ ನೋಡಿದಳು. ಕೆಂಪು ನೀರು ಆ ಪುಟ್ಟ ಗಲ್ಲದಿಂದ ಇಳಿಯುತ್ತಿತ್ತು. ತಾಯಂದಿರೆಲ್ಲ ಅವಳತ್ತ ನೋಡಿದರು. ಅವಳು ಕದಲಿದರೆ ಎಲ್ಲರೂ ಕದಲುವರು. ಅವಳ ಕಾಲು ಏಳಲಿಲ್ಲ.

"ನಾನು ನಿಂತಿದ್ದೇನೆ, ಕಂದಾ" ಎಂದಳು. ಒಬ್ಬ ತಾಯಿಯೂ ಕದಲಲಿಲ್ಲ.

ಕಾಡಿನಲ್ಲಿ ನೀರು ತಿಳಿಯಾಯಿತು; ಅದರಲ್ಲಿ ಅಂಗಳದ ಮಳೆಯ ಬಿಂಬವೂ ಕದಲದೆ ನಿಂತ ಹೊನ್ನಾಂಬೆಯ ಬಿಂಬವೂ ಕಂಡವು. ಚಂಪಕೆ ಕೊಳಕ್ಕಿಳಿದಳು. ತಾವರೆಯಲ್ಲಿ ಒಂದೇ ಎಸಳಿತ್ತು. ಅದು ಬಾಗುವ ಮುನ್ನ ಅವಳು ದಂಟನ್ನು ಮುರಿದಳು.

ಶೋಣಪುರ ಹುಣ್ಣಿಮೆಯ ಗಳಿಗೆಗೆ ಮರಳಿತು. ಮಣ್ಣು ಮಾಂಸವಾಯಿತು. ಬಾಯಿ ತೆರೆದು ಮಣ್ಣಾಗಿದ್ದ ಮಗು ಹುಣ್ಣಿಮೆಯ ಊಟದ ಇನ್ನೊಂದು ತುತ್ತು ಕೇಳಿತು. ಜುಟ್ಟು ಹಿಡಿದಿದ್ದವರು ಹುಣ್ಣಿಮೆಯಂದಿನ ಬೇರೊಂದು ಜಗಳದಲ್ಲಿದ್ದರು. ಕಣಜದ ಹೊಸ ಭತ್ತ ತೆನೆಯಾಗಿ ಗದ್ದೆಗೆ ಹೋಯಿತು. ಹುಣ್ಣಿಮೆಯ ಮರುದಿನ ಹೆತ್ತಿದ್ದ ಅಗಸಗಿತ್ತಿ ಮತ್ತೆ ತುಂಬು ಬಸುರಿಯಾದಳು. ಹುಣ್ಣಿಮೆಯಂದು ಜಟಿಲಾಂಗನು ರಾಜ್ಯದೊಳಗೆ ಇರಲಿಲ್ಲ. ಆದ್ದರಿಂದ ಮರಳಿದ ರಾಜ್ಯದಲ್ಲಿ ಅವನಿಗೆ ನಿಲ್ಲಲು ತಾವೇ ಇರಲಿಲ್ಲ. ಕಾದ ಹೆಂಚಿನ ಮೇಲಿನ ಹನಿಯಂತೆ ಅವನು ಇಲ್ಲವಾದನು, ಬೂದಿಯ ಚೀಲದೊಡನೆ.

ತಾವರೆ ಕೊಯ್ದವಳಿಗೆ ಮಾತ್ರ ಎಲ್ಲವೂ ನೆನಪಿತ್ತು.

ಚಂಪಕೆ ಅರಮನೆಗೆ ಬಂದಾಗ ಸುಕೇತನು ಓಡಿಬಂದು ಅವಳ ಬೆರಳು ಹಿಡಿದನು. ಆ ಬೆರಳಿನ ಬಿಸಿಗೆ ಅವಳು ಬೆಚ್ಚಿದಳು. ಹೊನ್ನಾಂಬೆ ಕಂಬದ ಬಳಿ ಮೊಮ್ಮಗಳಿಗೆ ಜಡೆ ಹೆಣೆಯುತ್ತಿದ್ದಳು. "ಎಲ್ಲಿಗೆ ಹೋಗಿದ್ದಿರಿ ಅಮ್ಮಣ್ಣಿ, ಕಾಲೆಲ್ಲ ಕೆಸರು! ಅಮಾವಾಸ್ಯೆ ಬರುತ್ತಿದೆ. ಎಂದಿನಂತೆ ಒಪ್ಪ ಮಾಡಿಸಲೇ?"

ಚಂಪಕೆ ಅವಳ ಮುಖವನ್ನೇ ನೋಡಿದಳು. ಇವಳಿಗೆ ಏನೂ ತಿಳಿಯದು. ಮಳೆಯೂ, ತಾನು ನಿಂತದ್ದೂ.

"ಮಾಡಿಸಿ" ಎಂದಳು ನಿಧಾನವಾಗಿ. "ಆದರೆ ಕೆಲಸ ಮುಗಿದ ಕೂಡಲೇ ಗೋಪುರದ ಗಂಟೆ ಬಾರಿಸಿ ಹೊಸ ತಾವರೆ ಅರಳಿಸಬೇಕು, ಹುಣ್ಣಿಮೆಯವರೆಗೆ ಕಾಯಬಾರದು. ಊರಿಗೆ ಕೇಡು ಬಂದ ದಿನ ಮಾತ್ರ ಯಾರೂ ಒಂದು ಕಡ್ಡಿಯನ್ನೂ ಎತ್ತಕೂಡದು. ಕೊಳದ ದಂಡೆಯನ್ನು ನಾಳೆಯೇ ಎತ್ತರಿಸಿ ಕಟ್ಟಿಸುತ್ತೇನೆ."

"ಏಕೆಂದು ಕೇಳಬಹುದೇ?"

ಚಂಪಕೆ ಬಾಗಿ ಹೊನ್ನಾಂಬೆಯ ಪಾದಗಳಿಗೆ ಹಣೆ ಮುಟ್ಟಿಸಿದಳು.

ಹೊನ್ನಾಂಬೆಯ ಕೈಯಿಂದ ಬಾಚಣಿಗೆ ಜಾರಿತು. "ಅಯ್ಯೋ ಶಿವನೇ! ಅರಸುಮಗಳು ಊಳಿಗದವಳ ಕಾಲಿಗೆರಗುವುದೇ? ಏಳಿ ತಾಯಿ, ಯಾರಾದರೂ ನೋಡಿಯಾರು! ನಾನೇನು ಮಾಡಿದೆನೆಂದು?"

ಚಂಪಕೆ ಬಹಳ ಹೊತ್ತು ಏಳಲಿಲ್ಲ.

ಅಂದಿನಿಂದ ಶೋಣಪುರದ ಮಕ್ಕಳು ಉಂಡು, ಜಗಳವಾಡಿ, ಬೆಳೆದು ದೊಡ್ಡವರಾದರು; ಬಿಂಬಗೊಳದಲ್ಲಿ ತಾವರೆಗಳು ತುಂಬಿದವು; ಹಿರಿಯರೂ ಕಿರಿಯರೂ ಸುಖವಾಗಿ ಬಾಳಿದರು.