ಅವನು ಕಿವಿಗಿಟ್ಟ ಹೂವು

"ಸ್ಪೀಕರ್ ಸರಿಯಾಗೇ ಇದೆ ಮೇಡಂ. ಬದಲಾಯಿಸೋದು ಬೇಡ."

"ಸರಿ ಇದೆಯಾ ಅಂತ ನಾನು ಕೇಳಲಿಲ್ಲ. ಬದಲಾಯಿಸಿ ಅಂದೆ!"

"ಸರಿ ಇರೋದನ್ನ ಕಿತ್ತು ಹಾಕೋಕೆ ನನಗೆ ಕೈ ಬರಲ್ಲ."

"ಎಂಥಾ ಅಂಗಡಿಯವರ್ರೀ ನೀವು? ಅಂಗಡಿ ಬಾಗಿಲಿಗೆ ಬಂದ ಗಿರಾಕಿನ ಓಡಿಸ್ತೀರಲ್ಲ!"

ಹೀಗೆ ಶುರುವಾಯಿತು ನೋಡಿ ಇವರಿಬ್ಬರ ಪ್ರೇಮ. ನಗಬೇಡಿ, ನಿಜ ಹೇಳ್ತಿದ್ದೀನಿ.

ಅವನದು ಕಾರುಗಳಿಗೆ ಸ್ಪೀಕರ್ ಕೂರಿಸುವ ಅಂಗಡಿ. ಆ ರಸ್ತೆಯವರೆಲ್ಲ ಅವನನ್ನು ಕರೆಯುವುದು 'ಸೌಂಡು' ಅಂತ. ಆದರೆ ಅವನು ಮಾತಾಡಿದರೆ ಎದುರಿಗಿದ್ದವರು ಬಗ್ಗಿ ಕೇಳಿಸಿಕೊಳ್ಳಬೇಕು, ಅಷ್ಟು ಮೆಲುದನಿ. ಅಂಗಡಿ ಮುಂದೆ ಒಂದು ಹಳೇ ಸ್ಪೀಕರ್ ಪೆಟ್ಟಿಗೆಗೆ ಮಣ್ಣು ತುಂಬಿ ಗಿಡ ನೆಟ್ಟಿದ್ದ. ಅದು ಮೈತುಂಬ ಹಳದಿ ಹೂ ಬಿಟ್ಟಿತ್ತು.

ಅವಳು ಕಿವಿ ಪರೀಕ್ಷೆ ಮಾಡುವವಳು. ಆಸ್ಪತ್ರೆಯ ಗಾಜಿನ ಕೋಣೆಯೊಳಗೆ ಜನರನ್ನು ಕೂರಿಸಿ, "ಬೀಪ್ ಅಂತ ಕೇಳಿಸಿದಾಗ ಬೆರಳೆತ್ತಿ" ಅಂತ ದಿನವಿಡೀ ಹೇಳುವವಳು. ಅಲ್ಲಿಗೆ ಬರುವ ಅಜ್ಜ ಅಜ್ಜಿಯರಿಗೆ ಅವಳು 'ಬೀಪ್ ಮೇಡಂ'.

"ನೋಡಿ," ಅಂದಳು ಬೀಪ್ ಮೇಡಂ, ಗಂಟಲು ಸರಿ ಮಾಡಿಕೊಂಡು. "ಇದು ನಮ್ಮಪ್ಪನ ಕಾರು. ಅವರಿಗೆ ಸ್ಪಷ್ಟವಾಗಿ ಕೇಳಿಸಬೇಕು. ಅಷ್ಟೇ..."

ಅಷ್ಟೇ ಅನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿಬಿಟ್ಟಿತು! ಛೇ, ಯಾರದೋ ಅಂಗಡಿ ಮುಂದೆ ನಿಂತು ಇದೇನು ಅಂತ ಬೇರೆ ಕಡೆ ತಿರುಗಿದಳು.

ಅವನು ನೋಡಿದ. ನೋಡಿಯೂ ನೋಡದವನ ಹಾಗೆ ಕಾರಿನ ಬಾಗಿಲ ಸ್ಕ್ರೂಗಳನ್ನು ಬಿಚ್ಚತೊಡಗಿದ.

ಅವಳ ಕಣ್ಣೀರಿಗೆ ಕಾರಣ ಇತ್ತು. ಅಪ್ಪ ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ ಮೇಷ್ಟ್ರು. ಅರ್ಧ ಊರಿಗೆ ಕ್ಲಚ್ಚು ಬ್ರೇಕು ಕಲಿಸಿದವರು. ಈಚೆಗೆ ಅವರ ಕಿವಿ ಮಂದವಾಗುತ್ತಿತ್ತು. ಒಪ್ಪಬೇಕಲ್ಲ! "ನನ್ನ ಕಿವಿಗೇನಾಗಿದೆ? ಇಂಜಿನ್ ಸದ್ದು ಕೇಳೇ ಅದರ ರೋಗ ಹೇಳ್ತಿದ್ದೆ. ಈ ಕಂಪನಿ ಕೊಟ್ಟ ಸ್ಪೀಕರೇ ದರಿದ್ರದ್ದು!" ಅಂತ ಹಾಡನ್ನು ಇನ್ನೂ ಜೋರು ಮಾಡುತ್ತಿದ್ದರು.

ಹೋದ ತಿಂಗಳು ವೃತ್ತದಲ್ಲಿ ಆಂಬುಲೆನ್ಸ್ ಹಿಂದಿನಿಂದ ಅರಚಿಕೊಂಡು ಬಂತು. ಅಪ್ಪನಿಗೆ ಕೇಳಿಸಲೇ ಇಲ್ಲ. ಹಾಯಾಗಿ ಅದರ ದಾರಿಗೆ ಅಡ್ಡ ಹೊರಳಿಸಿದರು! ಪಕ್ಕದಲ್ಲಿದ್ದ ಅವಳು ಸ್ಟೇರಿಂಗ್ ಹಿಡಿದೆಳೆಯದಿದ್ದರೆ... ಆಮೇಲಿನದನ್ನು ಅವಳು ಯೋಚಿಸಲೂ ಹೆದರುತ್ತಿದ್ದಳು. ಅವತ್ತಿನಿಂದ ಅಪ್ಪ ಕಾರಿನ ಕೀ ತೆಗೆದುಕೊಂಡರೆ ಸಾಕು, ಅವರು ವಾಪಸ್ ಬರುವವರೆಗೂ ಅವಳು ಗೇಟಿನ ಹತ್ತಿರವೇ ಕಾಯುತ್ತಿದ್ದಳು.

ಸ್ಪೀಕರ್ ಬದಲಾದರೆ ಅಪ್ಪನಿಗೆ ಆ ನೆಪವೂ ಇರುವುದಿಲ್ಲ. ಆಗಲಾದರೂ ಪರೀಕ್ಷೆಗೆ ಬರುತ್ತಾರೆ. ಇದು ಅವಳ ಲೆಕ್ಕಾಚಾರ. ಆದರೆ ಇವನಿಗೆ ಹೇಳುವುದು ಹೇಗೆ? 'ಊರವರ ಕಿವಿಯೆಲ್ಲ ನೋಡೋಳು, ಹೆತ್ತಪ್ಪನ ಕಿವಿ ನೋಡೋಕಾಗಲಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?'

"ಒಂದು ಮಾತು," ಅಂದ ಅವನು. "ನಿಮ್ಮ ತಂದೆ ಬಂದು ಅವರ ಸೀಟಲ್ಲಿ ಕೂತು ಕೇಳೋವರೆಗೂ ನಾನು ಸೆಟ್ಟಿಂಗ್ ಮುಗಿಸಲ್ಲ. ನನ್ನ ಕೆಲಸ ಹಾಗೇ. ಆ ಸೀಟಲ್ಲಿ ಕೂರೋರಿಗೆ ಹೊಂದಿಸಬೇಕು, ನನ್ನ ಕಿವಿಗಲ್ಲ."

"ಶನಿವಾರ ಕಳಿಸ್ತೀನಿ. ನನಗೆ ಅವತ್ತು ಡ್ಯೂಟಿ ಇದೆ."

"ಇವತ್ತು ಹಳೇದು ಬಿಚ್ಚಿ ಹೊಸದು ಕೂರಿಸ್ತೀನಿ. ನೀವು ಕೂತ್ಕೊಳ್ಳಿ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಅಗಲ ಮೂತಿಯ ಪ್ಲಾಸ್ಟಿಕ್ ಪಟ್ಟಿಯಿಂದ ಅವನು ಬಾಗಿಲ ಒಳಹೊದಿಕೆಯನ್ನು ಮೀಟಿದ. ಟಪ್ ಟಪ್ ಅಂತ ಕ್ಲಿಪ್ಪುಗಳು ಬಿಟ್ಟುಕೊಂಡವು. ಕಂಪನಿಯ ಸ್ಪೀಕರ್ ಹೊರಬಂತು. ಬರೀ ಕಾಗದದ ಬಟ್ಟಲು, ಹಿಂದೆ ಬಿಸ್ಕತ್ತಿನಷ್ಟು ಅಯಸ್ಕಾಂತ. ಅದನ್ನೂ ಅವನು ಹಳೇ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟ.

'ಎಷ್ಟು ನಾಜೂಕು ಇವನ ಕೈ...' ಅಂದುಕೊಂಡಳು. ಅಂದುಕೊಂಡಿದ್ದಕ್ಕೆ ತಾನೇ ನಾಚಿಕೊಂಡಳು.

ಹೊಸ ಸ್ಪೀಕರ್ ಕೂರಿಸಿದ ಮೇಲೆ ಅವನು ಒಂದು ವಿಚಿತ್ರ ಸದ್ದು ಹಾಕಿದ. ಗೂಂ ಅಂತ ತಗ್ಗಿನಲ್ಲಿ ಶುರುವಾಗಿ, ಮೇಲೇರುತ್ತಾ ಏರುತ್ತಾ, ಕೊನೆಗೆ ಸಿಳ್ಳೆಗಿಂತ ತೆಳ್ಳಗಾಗುವ ಸದ್ದು.

"ಇದ್ಯಾಕೆ?"

"ಎಲ್ಲಿ ಏನು ಅದುರುತ್ತೆ ಅಂತ ಗೊತ್ತಾಗೋಕೆ. ಸದ್ದು ಯಾವ ಹರ್ಟ್ಸ್ ಅಂಕಿಗೆ ಏರಿದಾಗ ಅದುರ್ತು ಅಂತ ಬರ್ಕೊಂಡು..."

"ತಡೀರಿ! ಎಡಗಡೆ ಬಾಗಿಲಲ್ಲಿ ಏನೋ ಕಿರ್ ಅಂತು."

"ಇಲ್ಲ ಮೇಡಂ."

"ಇದೆ ರೀ!"

ಅವನು ಮತ್ತೆ ಹಾಕಿದ. ಬಾಗಿಲಿಗೆ ಕಿವಿಯಿಟ್ಟು ಕೇಳಿದ. ಒಳಗೆ ಕೈ ಹಾಕಿ ಒಂದು ಪೆನ್ನಿನ ಮುಚ್ಚಳ ತೆಗೆದ! ಅದನ್ನೇ ನೋಡಿದ, ಆಮೇಲೆ ಅವಳನ್ನು ನೋಡಿದ.

"ಹನ್ನೆರಡು ವರ್ಷ ಆಯ್ತು ಈ ಕೆಲಸಕ್ಕೆ ಬಂದು. ನನಗಿಂತ ಮುಂಚೆ ಕೇಳಿಸಿಕೊಂಡೋರು ನೀವೇ ಮೊದಲು."

ಅವಳು ನಕ್ಕಳು. ತಿಂಗಳಾಗಿತ್ತು ಅವಳು ಹಾಗೆ ನಕ್ಕು. ಅವನ ಮೆಲುದನಿ ಕೇಳಿಸಿಕೊಳ್ಳಲು ತಾನು ಬಗ್ಗುವುದೇ ಬೇಕಾಗಿಲ್ಲ, ಒಂದೊಂದು ಅಕ್ಷರವೂ ತನ್ನ ಕಿವಿಗೆ ನೇರ ಬಂದು ಬೀಳುತ್ತಿದೆ ಅಂತ ಅವಳಿಗೆ ಆಗ ಗೊತ್ತಾಯಿತು.

ಶನಿವಾರ ಅಪ್ಪ ಒಬ್ಬರೇ ಹೋದರು. ರಾತ್ರಿ ಊಟದ ಮೇಜಿನ ಮುಂದೆ ಕೂತಾಗ ಅವಳು ಕೇಳಿದಳು.

"ಹೇಗಿದೆ ಅಪ್ಪಾ, ಹೊಸ ಸ್ಪೀಕರು?"

"ಆಂ?"

"ಸ್ಪೀಕರು! ಹೇಗಿದೆ?"

"ಓ, ಅದಾ? ಭರ್ಜರಿ!" ಅಂದರು ಅಪ್ಪ, ತಟ್ಟೆಯಿಂದ ತಲೆ ಎತ್ತದೆ. "ಆ ಹುಡುಗನೂ ಅಂದ, ಮೇಷ್ಟ್ರೇ, ನಿಮ್ಮ ಕಿವಿ ಫಸ್ಟ್ ಕ್ಲಾಸು ಅಂತ. ಇನ್ನು ನಿನ್ನ ಪರೀಕ್ಷೆಗಿರೀಕ್ಷೆ ಏನೂ ಬೇಡ."

ಬಡಿಸುತ್ತಿದ್ದ ಅಮ್ಮ ಹಣೆ ಹಣೆ ಚಚ್ಚಿಕೊಂಡರು. ಅವಳ ಕೈಯಲ್ಲಿದ್ದ ತುತ್ತು ಹಾಗೇ ನಿಂತುಬಿಟ್ಟಿತು.

ಫಸ್ಟ್ ಕ್ಲಾಸಾ? ಯಾರು ಇವನು ಸರ್ಟಿಫಿಕೇಟ್ ಕೊಡೋಕೆ! ಇದ್ದ ಒಂದು ದಾರಿಯನ್ನೂ ಮುಚ್ಚಿಬಿಟ್ಟನಲ್ಲ! ನಾನು ಬೇರೆ ಇವನ ಕೈ ನಾಜೂಕು ಅಂತ... ಥೂ!

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವುದನ್ನೇ ಕಾದಿದ್ದಳು. ಪಕ್ಕದ ಟೈರ್ ಅಂಗಡಿಯವನು, ಇಬ್ಬರು ಗಿರಾಕಿಗಳು, ಎಲ್ಲರೂ ನೋಡುತ್ತಿದ್ದರು. ನೋಡಲಿ!

"ನಮ್ಮಪ್ಪನ ಕಿವಿಗೆ ಹೂ ಇಟ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?"

"ಮೇಡಂ, ನಾನು..."

"ಅವರಿಗೆ ಕೇಳಿಸಲ್ಲ ರೀ! ಆಂಬುಲೆನ್ಸ್ ಬಂದ್ರೂ ಕೇಳಿಸಲ್ಲ! ನಾಳೆ ಅವರಿಗೇನಾದ್ರೂ ಆದ್ರೆ? ಸಿಹಿಯಾಗಿ ಎರಡು ಮಾತಾಡಿ ನಿಮ್ಮ ಕೆಲಸ ಮುಗಿಸಿಕೊಂಡ್ರಿ. ಕಿವಿ ಫಸ್ಟ್ ಕ್ಲಾಸ್ ಅಂದ್ರಂತೆ!"

ಅವನ ಮುಖ ಬಿಳಿಚಿತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟ.

"ಮೇಷ್ಟ್ರನ್ನೇ ಕೇಳಿ ಮೇಡಂ. ನಾನೇನೂ ಹೇಳೋ ಹಾಗಿಲ್ಲ."

"ಹೇಳೋಕೆ ಏನಿದೆ ನಿಮ್ಮ ಹತ್ರ? ಇನ್ಮೇಲೆ ನಿಮ್ಮ ಮುಖ ಕೂಡ ನೋಡಲ್ಲ ನಾನು!"

ಹೇಳಿದ್ದೇನೋ ಹೇಳಿಬಿಟ್ಟಳು. ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನಿಗಾಗಿ ಅತ್ತಿದ್ದು ಎಷ್ಟು, ಅವನಿಗಾಗಿ ಅತ್ತಿದ್ದು ಎಷ್ಟು, ಅವಳಿಗೇ ತಿಳಿಯಲಿಲ್ಲ. ಪೆದ್ದಿ!

ಬುಧವಾರ. ಆಸ್ಪತ್ರೆಯಲ್ಲಿ ಆರನೇ ಟೋಕನ್ ಮುಗಿದಿತ್ತು.

"ಏಳನೇ ನಂಬರ್ ಬನ್ನಿ," ಅಂದಳು, ತಲೆ ಎತ್ತದೆ. ಯಾರೂ ಬರಲಿಲ್ಲ. "ಏಳನೇ ನಂಬರ್!" ಅಂತ ಗಟ್ಟಿಯಾಗಿ ಕೂಗಿ ಬಾಗಿಲಿಗೆ ಬಂದಳು.

ಬೆಂಚಿನ ತುದಿಯಲ್ಲಿ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಟೋಕನ್ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು ಅಪ್ಪ!

"ಅಪ್ಪಾ..."

"ಕೂಗಿದ್ಯಾ? ಕೇಳಿಸಲಿಲ್ಲ ಮಗಳೇ," ಅಂದರು ಅಪ್ಪ. ಅವರ ಬಾಯಲ್ಲಿ ಆ ಮಾತು ಬಂದಿದ್ದು ಅದೇ ಮೊದಲು.

ಒಳಗೆ ಬಂದು ಜೇಬಿನಿಂದ ಒಂದು ರಟ್ಟಿನ ಚೂರು ತೆಗೆದು ಅವಳ ಮುಂದಿಟ್ಟರು. ಸ್ಪೀಕರ್ ಡಬ್ಬದಿಂದ ಹರಿದ ರಟ್ಟು. ಅದರ ಮೇಲೆ ಸದ್ದಿನ ಹರ್ಟ್ಸ್ ಅಂಕಿಗಳು. ಐನೂರು, ಕೇಳಿಸಿತು. ಸಾವಿರ, ಕೇಳಿಸಿತು. ಎರಡು ಸಾವಿರ, ಸ್ವಲ್ಪ. ಮೂರು ಸಾವಿರ, ಇಲ್ಲ. ನಾಲ್ಕು ಸಾವಿರ, ಇಲ್ಲ. ಎಡಗಿವಿ ಬೇರೆ, ಬಲಗಿವಿ ಬೇರೆ.

ಅವಳು ಬೆಚ್ಚಿದಳು. ಇದು ತಾನು ದಿನಾ ಬರೆಯುವ ಪರೀಕ್ಷೆಯೇ!

"ಆ ಹುಡುಗ ಒಂದೊಂದೇ ಕಿವಿ ಮುಚ್ಚಿಸಿ ಏನೋ ಸದ್ದು ಹಾಕ್ದ. ಕೇಳಿಸ್ತಿರೋವರೆಗೂ ಬೆರಳೆತ್ತಿರಿ ಮೇಷ್ಟ್ರೇ, ನಿಂತ ತಕ್ಷಣ ಇಳಿಸಿ ಅಂದ. ನಾನು ಇಳಿಸ್ದೆ. ಸದ್ದು ನಿಂತುಹೋಯ್ತು ಅಂದ್ಕೊಂಡೆ..." ಅಪ್ಪನ ದನಿ ಇಳಿಯಿತು. "ಅಷ್ಟರಲ್ಲಿ ಆ ಟೈರ್ ಅಂಗಡಿಯವನು ಎರಡೂ ಕಿವಿ ಮುಚ್ಕೊಂಡು ಓಡಿ ಬಂದ. 'ನಿಲ್ಸೋ ಮಾರಾಯ, ತಲೆ ಒಡೀತಿದೆ' ಅಂತ ಅರಚ್ತಿದ್ದ. ನನಗೆ ಮಾತ್ರ ಅಲ್ಲಿ ಏನೂ ಇರಲಿಲ್ಲ ಮಗಳೇ. ಏನೂ..."

ಅವಳು ಅಪ್ಪನ ಕೈ ಹಿಡಿದುಕೊಂಡಳು.

"ಸ್ಪೀಕರ್ ಹೊಸದು ಮೇಷ್ಟ್ರೇ, ಇನ್ನು ಉಳಿದಿರೋದು ನೀವೇ. ಹೋಗಿ ಮಗಳಿಗೆ ತೋರಿಸಿ ಅಂದ. ತೋರಿಸಿದ್ರೆ ಕೀ ಕಿತ್ಕೋತಾಳೆ ಅಂದೆ. ಅದಕ್ಕೆ ಏನಂದ ಗೊತ್ತಾ? 'ಸ್ಪೀಕರ್ ಬದಲಾಯಿಸಿದ್ವಿ ಅಂತ ಕಾರನ್ನ ಗುಜರಿಗೆ ಹಾಕಿದ್ವಾ?' ಅಂದ!"

"ಮತ್ತೆ ಫಸ್ಟ್ ಕ್ಲಾಸ್ ಅಂದಿದ್ದು?"

"ಅದು ನಾನೇ ಕಟ್ಟಿದ ಕಥೆ. ಮಗಳಿಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂತ ಅವನ ಹತ್ರ ಮಾತು ತಗೊಂಡೆ. ಮನೆಗೆ ಬಂದ್ರೆ ನನಗೇ ಧೈರ್ಯ ಸಾಲಲಿಲ್ಲ."

ಅಯ್ಯೋ ದೇವರೇ! ಅಷ್ಟು ಜನರ ಮುಂದೆ ಹಿಗ್ಗಾಮುಗ್ಗಾ ಬೈದಳಲ್ಲ! ಒಂದೇ ಒಂದು ಮಾತು ಹೇಳಿದ್ದರೆ ಅವನು ಬಚಾವಾಗುತ್ತಿದ್ದ. ಅಪ್ಪನಿಗೆ ಕೊಟ್ಟ ಮಾತಿಗಾಗಿ ಬಾಯಿ ಕಟ್ಟಿಕೊಂಡು ನಿಂತಿದ್ದ.

ಅವಳು ಅಪ್ಪನನ್ನು ಗಾಜಿನ ಕೋಣೆಯಲ್ಲಿ ಕೂರಿಸಿದಳು. ಅವಳ ಪರೀಕ್ಷೆಗೂ ಆ ರಟ್ಟಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಡಾಕ್ಟರು ನೋಡಿ, ವಯಸ್ಸಿನಿಂದ ಬಂದಿರೋದು, ಹೆದರಬೇಕಾಗಿಲ್ಲ, ಕಿವಿಗೆ ಯಂತ್ರ ಹಾಕಿದರೆ ಆರಾಮಾಗಿ ಕಾರೂ ಓಡಿಸಬಹುದು ಅಂದರು. ಆ ಮಾತು ಕೇಳಿ ತಿಂಗಳಿಂದ ಎದೆ ಮೇಲಿದ್ದ ಕಲ್ಲು ಇಳಿದ ಹಾಗಾಯಿತು ಅವಳಿಗೆ.

ವಾರದ ನಂತರ, ಎರಡೂ ಕಿವಿಗೆ ಪುಟ್ಟ ಯಂತ್ರ ಹಾಕಿಕೊಂಡು ಅಪ್ಪ ಸ್ಟೇರಿಂಗ್ ಹಿಂದೆ ಕೂತರು. ಅವಳು ಪಕ್ಕದಲ್ಲಿ.

"ಇದೇನೇ ಟಿಕ್ ಟಿಕ್ ಅಂತಿದೆ?"

"ಇಂಡಿಕೇಟರ್ ಅಪ್ಪಾ!"

"ಕೆಟ್ಟುಹೋಗಿದೆ ಅಂದ್ಕೊಂಡಿದ್ನಲ್ಲೇ ಇದು!" ಅಂತ ಮೇಷ್ಟ್ರು ಇನ್ನೊಂದು ಸಲ ಹಾಕಿದರು. ಮತ್ತೊಂದು ಸಲ ಹಾಕಿದರು. ಹಿಂದಿನ ಗಾಡಿಯವನು ಇವರು ಎತ್ತ ಹೊರಳುತ್ತಾರೋ ತಿಳಿಯದೆ ಹಾರ್ನ್ ಬಾರಿಸಿದ. ಅದೂ ಕೇಳಿಸಿತು, ಅದಕ್ಕೂ ಖುಷಿ!

ವೃತ್ತ ಇನ್ನೂ ದೂರ ಇತ್ತು. ಅಪ್ಪ ತಟ್ಟನೆ ಹಾಡು ಸಣ್ಣಗೆ ಮಾಡಿ, ಕಾರನ್ನು ಪಕ್ಕಕ್ಕೆ ಒತ್ತಿ ನಿಲ್ಲಿಸಿದರು.

"ಯಾಕಪ್ಪಾ?"

"ಆಂಬುಲೆನ್ಸ್ ಬರ್ತಿದೆ. ಕೇಳಿಸಲ್ವಾ ನಿನಗೆ?"

ಸ್ವಲ್ಪ ಹೊತ್ತಿಗೆ ಅದು ಪಕ್ಕದಿಂದ ಸುಯ್ಯನೆ ದಾಟಿಹೋಯಿತು. ಅವಳು ಅಪ್ಪನ ತೋಳಿಗೆ ಹಣೆ ಒತ್ತಿಕೊಂಡು ಅತ್ತಳು. ಸಮಾಧಾನದ ಅಳು. ಅಪ್ಪ ಅವಳ ತಲೆ ತಟ್ಟಿದರು.

"ಸಾಕು ಬಿಡು. ನಡಿ, ಆ ಹುಡುಗನ ಅಂಗಡಿಗೆ ಹೋಗೋಣ. ನಾನು ಕಾರಲ್ಲೇ ಇರ್ತೀನಿ, ನೀನು ಹೋಗಿ ಮಾತಾಡು."

ಅಂಗಡಿ ಮುಂದೆ ಅವನು ಗಿಡಕ್ಕೆ ನೀರು ಹಾಕುತ್ತಿದ್ದ. ಅವಳನ್ನು ಕಂಡು ಚೆಂಬು ಹಿಡಿದ ಕೈ ಹಾಗೇ ನಿಂತಿತು. ನೀರು ಚಪ್ಪಲಿ ಮೇಲೆ ಸುರಿಯುತ್ತಿತ್ತು.

"ಮುಖ ನೋಡಲ್ಲ ಅಂದಿದ್ರಿ," ಅಂದ ಮೆಲ್ಲಗೆ.

"ತಪ್ಪಾಯ್ತು." ಅವಳು ಅವನನ್ನೇ ನೋಡಿದಳು. "ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ನೀವಾದ್ರೂ ತಿರುಗಿ ಒಂದು ಮಾತು ಅನ್ನಬಾರದಿತ್ತಾ?"

"ಮೇಷ್ಟ್ರಿಗೆ ಮಾತು ಕೊಟ್ಟಿದ್ದೆ. ಅಲ್ಲದೆ... ನೀವು ಬೈದಿದ್ದು ಅವರ ಮೇಲಿನ ಪ್ರೀತಿಗೆ. ಅಪ್ಪನಿಗೋಸ್ಕರ ಇಷ್ಟು ಒದ್ದಾಡೋರ ಮೇಲೆ ಸಿಟ್ಟು ಮಾಡ್ಕೊಳ್ಳೋದು ಹೇಗೆ?"

"ಕಿವಿಗೆ ಹೂ ಇಡ್ತೀರಿ ಅಂದೆ ನಿಮ್ಮನ್ನ..."

"ಅದೊಂದು ಮಾತ್ರ ಚುಚ್ಚಿತು. ಹನ್ನೆರಡು ವರ್ಷದಲ್ಲಿ ಯಾರ ಕಿವಿಗೂ ಇಟ್ಟಿಲ್ಲ ನಾನು."

ಅವಳು ಬಗ್ಗಿ ಸ್ಪೀಕರ್ ಪೆಟ್ಟಿಗೆಯ ಗಿಡದಿಂದ ಒಂದು ಹಳದಿ ಹೂ ಕಿತ್ತಳು. ಅವನ ಒದ್ದೆ ಅಂಗೈಯಲ್ಲಿಟ್ಟಳು. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು.

"ಹಾಗಿದ್ರೆ ಈಗ ಇಡಿ," ಅಂದಳು. "ನನ್ನ ಕಿವಿಗೆ."

ಬಾಗಿಲಿಗೆ ಗೀರು ಬೀಳದಂತೆ ಸ್ಪೀಕರ್ ಬಿಚ್ಚುವ ಆ ಕೈಗೆ ಈಗ ಒಂದು ಹೂ ಇಡಲು ಬರುತ್ತಿಲ್ಲ! ಹೂ ಎರಡು ಸಲ ಜಾರಿತು. ಮೂರನೇ ಸಲ ನಿಂತಿತು.

"ಅವತ್ತು ಪೆನ್ನಿನ ಮುಚ್ಚಳ ಸಿಕ್ತಲ್ಲ," ಅಂದ ಅವನು, ಅವಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. "ಅವತ್ತಿಂದ ಅದನ್ನ ಜೇಬಲ್ಲೇ ಇಟ್ಕೊಂಡಿದ್ದೀನಿ. ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ಉತ್ತರ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಾರಿನ ಕಿಟಕಿಯಿಂದ ಮೇಷ್ಟ್ರ ದನಿ ಬಂತು.

"ಸ್ವಲ್ಪ ಮೆತ್ತಗೆ ಮಾತಾಡ್ರಪ್ಪಾ! ನನಗೆ ಎಲ್ಲಾ ಕೇಳಿಸ್ತಿದೆ!"