ಏಳನೇ ಉತ್ತರ

ನಾನು ಅವನ ಮೇಲೆ ಮೊದಲು ರೇಗಿದ್ದು ಒಂದು ಲೋಟ ಕಾಫಿಯ ವಿಷಯಕ್ಕೆ.

ನಮ್ಮ ಪ್ರೆಸ್ಸಿಗೆ ಯಾರೇ ಬಂದರೂ ಮಾವ ಕಾಫಿ ತರಿಸುತ್ತಾರೆ. ಮಾವ ಎಂದರೆ ನನ್ನ ಅಮ್ಮನ ಅಣ್ಣ, ಪ್ರೆಸ್ಸಿನ ಮಾಲೀಕರು. ನಾನು ಅಲ್ಲಿ ಪ್ರೂಫ್ ನೋಡುವವಳು. ಪುಸ್ತಕ ಅಚ್ಚು ಹಾಕಿಸಲು ಬಂದಿದ್ದ ಅವನು ಲೋಟವನ್ನು ಮೆಲ್ಲಗೆ ಆಚೆ ಸರಿಸಿ, "ಕ್ಷಮಿಸಿ, ನಾವು ಕಾಫಿ, ಟೀ ಕುಡಿಯಲ್ಲ. ಬಿಸಿನೀರು ಸಿಗುತ್ತಾ?" ಎಂದ.

"ನಿಮ್ಮ ದೇವರಿಗೆ ಕಾಫಿ ಮೇಲೂ ಕಣ್ಣಾ?" ಎಂದೆ.

"ನನ್ನ ಪುಸ್ತಕದ ಒಂಬತ್ತು ಪ್ರಶ್ನೆಗಳಲ್ಲಿ ಅದಿಲ್ಲ. ಬೇಕಾದ್ರೆ ಹತ್ತನೇದಾಗಿ ಸೇರಿಸ್ತೀನಿ."

ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಗಳಿಗೆ ಮೊದಲೇ ಕಿರಿದಾಯಿತು. ಅದು ನನಗೆ ಹಿಡಿಸಿತು. ಹಿಡಿಸಿದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಅವನನ್ನು ನಾನು ನೋಡಿದ್ದು ಅದೇ ಮೊದಲಲ್ಲ. ಅಪ್ಪನಿಗೆ ಗಡಿಯಾರ ರಿಪೇರಿಯ ಅಂಗಡಿ ಇತ್ತು. ಹಿಂದೊಮ್ಮೆ, ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಚರ್ಚಿನ ಇಬ್ಬರು ಯುವಕರು ಬಿಳಿ ಅಂಗಿ ತೊಟ್ಟು, ಎದೆಗೆ ಹೆಸರಿನ ಪಟ್ಟಿ ಚುಚ್ಚಿಕೊಂಡು ಧರ್ಮಪ್ರಚಾರಕ್ಕೆಂದು ಅಲ್ಲಿಗೆ ಬಂದಿದ್ದರು. ದೇವರೇ ಇಲ್ಲ ಎನ್ನುವ ಅಪ್ಪ ಅವರಿಬ್ಬರಿಗೂ ಸ್ಟೂಲು ಹಾಕಿ ಎರಡು ಗಂಟೆ ನೀರಿಳಿಸಿದ್ದರು. ಒಬ್ಬ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಇನ್ನೊಬ್ಬ ತನ್ನ ಎರಡು ವರ್ಷದ ಸೇವೆ ಮುಗಿಸಿ, ಇದೇ ಊರಿನ ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಕೆಲಸ ಹಿಡಿದು, ಪ್ರತಿ ಗುರುವಾರ ಬಂದು ವಾದ ಮಾಡಿ ಸೋತು ಹೋಗುತ್ತಿದ್ದ. ಅಪ್ಪ ಅವನಿಗೆ ಇಟ್ಟ ಹೆಸರು ಬಿಳಿ ಅಂಗಿ. "ಇವತ್ತು ಬಿಳಿ ಅಂಗಿ ಒಳ್ಳೇ ಪಾಯಿಂಟ್ ಹಾಕ್ದ ಕಣೇ," ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದರು. ಅಪ್ಪ ತೀರಿಕೊಂಡ ದಿನ ಅವನು ಎಲ್ಲರಿಗಿಂತ ಹಿಂದೆ ನಿಂತು ಎಲ್ಲರಿಗಿಂತ ಜೋರಾಗಿ ಅತ್ತಿದ್ದ. ಅದಾಗಿ ಎರಡು ವರ್ಷ.

ಈಗ ಅವನ ಚರ್ಚಿನವರು, ತಮ್ಮ ನಂಬಿಕೆಯನ್ನು ಟೀಕಿಸುವವರಿಗೆ ಉತ್ತರ ಕೊಡುವ ಪುಸ್ತಕವನ್ನು ಅವನಿಂದಲೇ ಬರೆಸುತ್ತಿದ್ದರು. ಒಂಬತ್ತು ಪ್ರಶ್ನೆ, ಒಂಬತ್ತು ಉತ್ತರ.

"ಗಿರಾಕಿ ಜೊತೆ ಜಗಳ ಬೇಡ," ಎಂದರು ಮಾವ. "ಅಕ್ಷರ ತಿದ್ದು, ಆಸಾಮಿನ ತಿದ್ದೋಕೆ ಹೋಗ್ಬೇಡ."

ನಾನು ಎರಡನ್ನೂ ತಿದ್ದಿದೆ.

ಮೊದಲ ಪ್ರಶ್ನೆ, ನಿಮ್ಮ ಧರ್ಮಗ್ರಂಥವನ್ನು ಕೊರೆದಿದ್ದರು ಎನ್ನುವ ಬಂಗಾರದ ಹಾಳೆಗಳು ಈಗೆಲ್ಲಿ ಎಂದು. ದೇವದೂತ ವಾಪಸ್ ತೆಗೆದುಕೊಂಡ, ಅದಕ್ಕೂ ಮುಂಚೆ ಹನ್ನೊಂದು ಜನ ನೋಡಿ ಸಾಕ್ಷಿ ಹೇಳಿದ್ದಾರೆ ಎಂದು ಅವನು ಬರೆದಿದ್ದ. ನಾನು ಅಂಚಿನಲ್ಲಿ ಹಸಿರು ಇಂಕಿನಲ್ಲಿ ಬರೆದೆ: "ತೋರಿಸಬೇಕಾದ ವಸ್ತು ವಾಪಸ್ ಹೋಗಿದೆ. ಇದು ಆಸೆ, ಸಾಕ್ಷಿಯಲ್ಲ."

ಪ್ರೂಫ್ ಹಿಂದೆ ಬಂದಾಗ ಕೆಳಗೆ ಪೆನ್ಸಿಲ್ಲಿನಲ್ಲಿತ್ತು: "ನೀವು ಒಪ್ಪಬೇಕಾಗಿಲ್ಲ. ಕಾಗುಣಿತ ನೋಡಿದರೆ ಸಾಕು."

"ಕಾಗುಣಿತವೂ ಸರಿಯಿಲ್ಲ," ಎಂದು ಬರೆದು ಕಳಿಸಿದೆ.

ಹೀಗೆ ಶುರುವಾಯಿತು. ಅವರ ಮೊದಲ ಪ್ರವಾದಿಗೆ ಅಷ್ಟೊಂದು ಹೆಂಡತಿಯರು ಏಕೆ ಎಂಬ ಮೂರನೇ ಪ್ರಶ್ನೆಗೆ ಅವನು ಆರು ಪುಟ ಬರೆದಿದ್ದ. ಪಕ್ಕದಲ್ಲಿ ನಾನು "ಆ ಹೆಂಡತಿಯರನ್ನು ಯಾರಾದರೂ ಕೇಳಿದರಾ?" ಎಂದಷ್ಟೇ ಬರೆದೆ. ಅವನು ಆರೂ ಪುಟ ಹರಿದು ಹೊಸದಾಗಿ ಬರೆದು ತಂದ. ಕಪ್ಪು ಜನರನ್ನು ಪೌರೋಹಿತ್ಯದಿಂದ ಅಷ್ಟು ದಶಕ ದೂರ ಇಟ್ಟದ್ದು ಏಕೆ ಎಂಬ ಐದನೆಯದಕ್ಕೆ ಮೂರು ಸಲ ಬರೆದು, ಕೊನೆಗೆ "ನನಗೆ ಇದಕ್ಕೆ ಒಳ್ಳೆಯ ಉತ್ತರ ಗೊತ್ತಿಲ್ಲ" ಎಂದು ಒಂದೇ ಸಾಲು ಉಳಿಸಿದ. ಆ ಸಾಲಿಗೆ ನಾನು ಏನೂ ತಿದ್ದುಪಡಿ ಹಾಕಲಿಲ್ಲ.

ದಿನಾ ಊಟದ ಬಿಡುವಿನಲ್ಲಿ ಬರುತ್ತಿದ್ದ. ಅಂಗಿಯ ತೋಳಿನ ತುದಿಯಲ್ಲಿ ಲೆನ್ಸಿನ ಬಿಳಿ ಪುಡಿ. ಎದುರು ಕೂತು ಬಿಸಿನೀರು ಕುಡಿಯುತ್ತಾ ಬೈಸಿಕೊಳ್ಳುತ್ತಿದ್ದ. ಅವನು ಬರಲು ಹತ್ತು ನಿಮಿಷ ತಡವಾದರೆ ನಾನು ಮಷಿನ್ನಿನವರ ಮೇಲೆ ಸಿಡುಕುತ್ತಿದ್ದೆ. ಮಾವ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಒಳಗೆ ಹೋಗುತ್ತಿದ್ದರು.

ಒಂದು ದಿನ ನನ್ನ ಕನ್ನಡಕದ ಕಾಲು ಸಡಿಲವಾಗಿತ್ತು. ಅವನು ಕೈ ಚಾಚಿದ. ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಬಿಗಿ ಮಾಡಿ, ಬಾಯಿ ಆವಿ ಹಾಕಿ ಒರೆಸಿ, ಅವನೇ ನನ್ನ ಮುಖಕ್ಕೆ ಇಟ್ಟ. ಕಿವಿಯ ಹಿಂದೆ ಬೆರಳು ತಾಗಿತು. ಮಬ್ಬಾಗಿದ್ದ ಅವನ ಮುಖ ಒಮ್ಮೆಲೇ ಸ್ಪಷ್ಟವಾಗಿ, ತೀರಾ ಹತ್ತಿರದಲ್ಲಿ ಕಂಡಿತು. ಇಬ್ಬರೂ ಹಿಂದೆ ಸರಿಯಲಿಲ್ಲ.

"ನಿಮ್ಮ ತಂದೆ ನಿಜವಾಗಿ ಹುಟ್ಟಿದ್ದು ಯಾವತ್ತು?" ಎಂದು ಮೆಲ್ಲಗೆ ಕೇಳಿದ. "ಸರ್ಟಿಫಿಕೇಟಿನಲ್ಲಿರೋದು ಸುಳ್ಳು ಅಂತಿದ್ರು."

"ಮಾರ್ಚ್ ಹತ್ತೊಂಬತ್ತು," ಎಂದೆ. ಶಾಲೆಗೆ ಸೇರಿಸುವಾಗ ಬಾಯಿಗೆ ಬಂದ ತಾರೀಖು ಬರೆಸಿದ್ದರು. ನಿಜವಾದದ್ದು ಮನೆಯವರಿಗಷ್ಟೇ ಗೊತ್ತಿತ್ತು. ಅಮ್ಮ ನನಗೆ ಆರು ವರ್ಷವಿದ್ದಾಗಲೇ ಹೋದವಳು. ಹಾಗಾಗಿ ಅದು ಗೊತ್ತಿದ್ದವಳು ನಾನೊಬ್ಬಳೇ. ಹೇಳಿದಾಗ, ಮನೆಯ ಕೀಲಿಯನ್ನೇ ಅವನ ಕೈಗೆ ಕೊಟ್ಟ ಹಾಗೆ ಅನಿಸಿತ್ತು. ಆ ದಿನವಿಡೀ ನನಗೆ ಒಂದು ತಪ್ಪೂ ಕಣ್ಣಿಗೆ ಬೀಳಲಿಲ್ಲ.

ಆಮೇಲೆ ಅವನು ಎರಡು ವಾರ ರಜೆ ಹಾಕಿ, ದೂರದ ದೇಶದಲ್ಲಿರುವ, ತಮ್ಮ ಪವಿತ್ರ ವಿಧಿಗಳು ನಡೆಯುವ ಟೆಂಪಲ್‌ಗೆ ಹೋಗಿ ಬಂದ. ಬಂದವನೇ ಏಳನೇ ಉತ್ತರ ಕೊಟ್ಟು ಕೆಲಸಕ್ಕೆ ಓಡಿದ.

ಏಳನೇ ಪ್ರಶ್ನೆ ಇದು: ಸತ್ತುಹೋದವರಿಗೆ, ಅವರ ಪರವಾಗಿ ಇನ್ನೊಬ್ಬರನ್ನು ನೀರಿನಲ್ಲಿ ಮುಳುಗಿಸಿ, ನೀವು ದೀಕ್ಷಾಸ್ನಾನ ಕೊಡುತ್ತೀರಿ. ಅದನ್ನು ಕೇಳಿದವರು ಯಾರು? ಅವನ ಉತ್ತರ ಚೆನ್ನಾಗಿತ್ತು. ಅದರಲ್ಲೊಂದು ಸಾಲು: "ಇತ್ತೀಚೆಗೆ ತೀರಿಕೊಂಡವರ ಹೆಸರನ್ನು ಹತ್ತಿರದ ಸಂಬಂಧಿಯ ಅನುಮತಿಯಿಲ್ಲದೆ ನಾವು ಸೇರಿಸುವುದಿಲ್ಲ, ಅದು ನಮ್ಮ ನಿಯಮ."

ಯಾವ ಗಡಿಯಾರ ಬಂದರೂ ಅಪ್ಪ ಮೊದಲು ಹಿಂದಿನ ಮುಚ್ಚಳ ತೆಗೆಯುತ್ತಿದ್ದರು. ನನಗೂ ಅದೇ ಚಟ. ಹಾಳೆ ಯಾವುದೇ ಇರಲಿ, ಮಗುಚಿ ನೋಡುತ್ತೇನೆ. ಬಿಳಿ ಅಂಗಿ ಒಂದು ಹಾಳೆಯನ್ನೂ ದಂಡ ಮಾಡುವವನಲ್ಲ. ಒಂದು ಕಡೆ ಪ್ರಿಂಟ್ ಆದ ಕಾಗದದ ಹಿಂಬದಿಯಲ್ಲೇ ಬರೆಯುತ್ತಿದ್ದ. ನಾಲ್ಕನೇ ಹಾಳೆಯ ಹಿಂಬದಿಯಲ್ಲಿ ಟೆಂಪಲ್‌ನ ಫಾರ್ಮ್ ಇತ್ತು. ಅದರಲ್ಲಿ ನನ್ನ ಅಪ್ಪನ ಹೆಸರಿತ್ತು. ಹುಟ್ಟಿದ್ದು, ಮಾರ್ಚ್ ಹತ್ತೊಂಬತ್ತು.

ಹತ್ತಿರದ ಸಂಬಂಧಿಯ ಅನುಮತಿ ಇದೆಯೇ ಎಂಬಲ್ಲಿ ಟಿಕ್ ಮಾರ್ಕ್. ಮೃತರು ನಿಮಗೆ ಏನಾಗಬೇಕು ಎಂಬಲ್ಲಿ: "ಹೆಂಡತಿಯ ತಂದೆ."

ಒಬ್ಬ ಗಂಡಸು ನನ್ನನ್ನು ಹೆಂಡತಿ ಎಂದು ಬರೆದದ್ದನ್ನು ಮೊದಲ ಸಲ ಓದಿದ್ದೆ, ಅದೂ ಹೀಗೆ, ಅಪ್ಪನನ್ನು ಕದಿಯುವ ಕಾಗದದಲ್ಲಿ. ಆ ಮಧ್ಯಾಹ್ನ ಅವನು ಅಷ್ಟು ಹತ್ತಿರ ಬಂದು ಕೇಳಿದ್ದು ಇದಕ್ಕಾ ಎಂದು ಮೈಯೆಲ್ಲ ಉರಿಯಿತು.

ಮರುದಿನ ಅವನು ಕೂರುವ ಮೊದಲೇ ಹಾಳೆಯನ್ನು ಮಗುಚಿ ಅವನ ಮುಂದೆ ಇಟ್ಟೆ.

"ಹೆಂಡತಿಯ ತಂದೆ ಅಂತೆ. ಯಾರ ಹೆಂಡತಿ?"

"ಆ ಕಾಲಂ ಖಾಲಿ ಬಿಟ್ರೆ ಫಾರ್ಮ್ ಮುಂದಕ್ಕೆ ಹೋಗಲ್ಲ."

"ಅದಕ್ಕೆ ನನ್ನ ಮದುವೆನೇ ಮಾಡಿ ಮುಗಿಸಿದ್ರಾ? ಅಪ್ಪನ ಹೆಸರಲ್ಲಿ ನೀರಿಗಿಳಿದೋರು ಯಾರು?"

"ನಾನೇ. ಅವರ ಹೆಸರು ಹೇಳಿ ನನ್ನನ್ನೇ ಮುಳುಗಿಸಿದ್ರು."

"ಅಪ್ಪ ಬದುಕಿರೋವರೆಗೆ ಯಾವ ಗುಂಪಿನ ಪಟ್ಟಿಗೂ ಹೆಸರು ಕೊಟ್ಟೋರಲ್ಲ. ಗಡಿಯಾರದೋರ ಸಂಘಕ್ಕೂ ಸೇರಿರಲಿಲ್ಲ. ಅವರ ಬಾಯಿ ಮುಚ್ಚಿದ ಮೇಲೆ ಸೇರಿಸಿದ್ರಿ."

"ಅವರಿಗೆ ಬೇಡ ಅನ್ನೋ ಹಕ್ಕು ಈಗಲೂ ಇದೆ. ನಮ್ಮ ನಂಬಿಕೆ ಪ್ರಕಾರ ಸತ್ತವರು ಒಪ್ಪಬಹುದು, ಬಿಡಬಹುದು."

"ಸತ್ತವರಿಗೆ ಆಯ್ಕೆ ಕೊಟ್ಟಿದ್ದೀರಿ. ಬದುಕಿರೋಳನ್ನ ಒಂದು ಮಾತು ಕೇಳಲಿಲ್ಲ."

"ಕೇಳಿದ್ರೆ ಬೇಡ ಅಂತಿದ್ರಿ."

"ಅದಕ್ಕೇ ಕೇಳಬೇಕಾಗಿತ್ತು."

ಅವನು ಹಾಳೆಯನ್ನು ಮತ್ತೆ ಮಗುಚಿದ. ಕಣ್ಣು ತುಂಬಿತ್ತು. "ಅವರು ಎಲ್ಲೂ ಇಲ್ಲ ಅಂತ ಅಂದ್ಕೊಳ್ಳೋಕೆ ನನಗೆ ಆಗ್ಲಿಲ್ಲ," ಎಂದ.

"ನನಗೂ ಆಗಲ್ಲ. ಆದ್ರೆ ನಾನು ಸುಳ್ಳು ಬರೆದಿಲ್ಲ. ಎದ್ದು ಹೋಗಿ."

ಅವನು ಹೋದ. ಅವನಿಗೆಂದು ಮೇಜಿನ ಮೇಲೆ ತಂದಿಟ್ಟಿದ್ದ ಬಿಸಿನೀರನ್ನು ನಾನು ಮೋರಿಗೆ ಚೆಲ್ಲಿದೆ.

ಅವರ ಚರ್ಚಿನಲ್ಲಿ ಬಿಷಪ್ ಎಂದರೆ ಸಂಬಳದ ಗುರುವಲ್ಲ. ನಮ್ಮ ಊರಿನ ಬಿಷಪ್ ಹಲ್ಲಿನ ಡಾಕ್ಟರು. ನಾನು ಅಂದೇ ಸಂಜೆ ಅವರ ಕ್ಲಿನಿಕ್ಕಿಗೆ ಹೋದೆ. ಕುರ್ಚಿಯಲ್ಲಿ ಒಬ್ಬ ಅಜ್ಜಿ ಬಾಯಿ ತೆರೆದು ಮಲಗಿದ್ದರು. ನಾನು ಕಾಯಲಿಲ್ಲ.

"ನಿಮ್ಮ ಪುಸ್ತಕದ ಏಳನೇ ಉತ್ತರ ಸುಳ್ಳು. ಪುರಾವೆ ಇಲ್ಲಿದೆ."

ಅವರು ಮಾಸ್ಕ್ ತೆಗೆಯದೆಯೇ ಎರಡೂ ಬದಿ ಓದಿದರು.

"ನಿಯಮ ನಮ್ಮದೇ. ಮುರಿದಿದ್ದು ತಪ್ಪು," ಎಂದರು. "ನಿಮಗೇನು ಬೇಕು, ಹೇಳಿ."

"ಆ ಉತ್ತರ ನಿಜ ಆಗ್ಬೇಕು. ಆಗೋವರೆಗೂ ನಾನು ಸಹಿ ಹಾಕಲ್ಲ. ನನ್ನ ಸಹಿ ಇಲ್ದೆ ನಮ್ಮ ಪ್ರೆಸ್ಸಲ್ಲಿ ಏನೂ ಅಚ್ಚಾಗಲ್ಲ."

"ಅವನೇ ಬರೀಬೇಕು. ನಾನು ಅಡ್ಡ ಬರಲ್ಲ," ಎಂದರು ಡಾಕ್ಟರು. ಅಜ್ಜಿ ಬಾಯಿ ತೆರೆದೇ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು.

ಮೂರು ವಾರ ಅವನ ಸುಳಿವಿಲ್ಲ. ಹೆದರಿ ಓಡಿದ, ಪುಸ್ತಕವನ್ನು ಬೇರೆ ಪ್ರೆಸ್ಸಿಗೆ ಕೊಟ್ಟಿರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಾದರೆ ಒಳ್ಳೆಯದೇ, ಪೀಡೆ ತೊಲಗಿತು ಎಂದೂ ಹೇಳಿಕೊಂಡೆ. ಊಟದ ಬಿಡುವಿನಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂರತೊಡಗಿದೆ. ಕನ್ನಡಕದ ಕಾಲು ಮತ್ತೆ ಸಡಿಲವಾಯಿತು. ಬಿಗಿ ಮಾಡಿಸಲು ಹೋಗಲಿಲ್ಲ.

ನಾಲ್ಕನೇ ಸೋಮವಾರ ಮಾವ ಒಂದು ಲಕೋಟೆ ತಂದು ಮೇಜಿನ ಮೇಲಿಟ್ಟರು. ಹೊಸ ಹಾಳೆ, ಮಗುಚಿ ನೋಡಿದೆ, ಹಿಂಬದಿ ಖಾಲಿ. ಮೂಲೆಯಲ್ಲಿ ಡಾಕ್ಟರ ಸಹಿ: "ಹೀಗೆಯೇ ಅಚ್ಚಾಗಲಿ."

"ನಿಯಮವಿದೆ," ಎಂದು ಶುರುವಾಗಿತ್ತು ಏಳನೇ ಉತ್ತರ. "ಅದನ್ನು ಮುರಿದವನೂ ಇದ್ದಾನೆ. ಅವನು ಇದನ್ನು ಬರೆಯುತ್ತಿರುವ ನಾನೇ. ನಾನು ಪ್ರೀತಿಸಿದ ಒಬ್ಬ ಹಿರಿಯರು ನನ್ನ ಧರ್ಮವನ್ನು ಬದುಕಿರುವಷ್ಟು ಕಾಲ ನಿರಾಕರಿಸಿದರು. ಅವರ ಮಗಳನ್ನು ಕೇಳದೆ ಅವರ ಹೆಸರನ್ನು ಕೊಟ್ಟೆ. ಅನುಮತಿಯಿದೆ ಎಂದು ಗುರುತು ಹಾಕಿದ್ದು ಸುಳ್ಳು. ಹೆಂಡತಿಯ ತಂದೆ ಎಂದು ಬರೆದದ್ದೂ ಸುಳ್ಳು. ಅದು ನಿಜವಾಗಲಿ ಎಂದು ಆಸೆಪಟ್ಟಿದ್ದೆ. ಆಸೆ ಸಾಕ್ಷಿಯಲ್ಲ. ಟೆಂಪಲ್ ಪ್ರವೇಶದ ಚೀಟಿಯನ್ನು ನಾನೇ ಹಿಂತಿರುಗಿಸಿದ್ದೇನೆ. ಮಾಡಿದ್ದನ್ನು ಅಳಿಸಲಾರೆ. ಆ ಹಿರಿಯರು ಎಲ್ಲೇ ಇದ್ದರೂ ಬೇಡ ಎಂದೇ ಹೇಳಿರುತ್ತಾರೆ. ಆರು ವರ್ಷದ ಗುರುವಾರಗಳಲ್ಲಿ ಕೇಳಿಸಿಕೊಂಡಿದ್ದೇನೆ, ನನಗೆ ಗೊತ್ತು. ಈ ಪುಸ್ತಕದಲ್ಲಿರುವ ಎಲ್ಲಕ್ಕಿಂತ ಖಚಿತವಾಗಿ ಗೊತ್ತು."

ಅಲ್ಲಿಗೆ ಬಂದಾಗ ನನಗೆ ಅಪ್ಪನ ದನಿ ಕೇಳಿತು. ಒಳ್ಳೇ ಪಾಯಿಂಟ್ ಹಾಕ್ದ ಕಣೇ. ನಾನು ಆ ಹಾಳೆಯ ಮೇಲೆ ತಲೆಯಿಟ್ಟು ಅತ್ತೆ. ಎರಡು ವರ್ಷದಿಂದ ಅಷ್ಟು ಅತ್ತಿರಲಿಲ್ಲ.

ಆಮೇಲೆ ಹಸಿರು ಪೆನ್ನು ತೆಗೆದೆ. ಏನಾದರೂ ಸಂದೇಹವಿದ್ದರೆ ಪ್ರೂಫ್ ನೋಡುವವರು ಅಂಚಿನಲ್ಲಿ ಲೇಖಕರಿಗೆ ಪ್ರಶ್ನೆ ಬರೆದು ಕಳಿಸುತ್ತೇವೆ. "ಹೆಂಡತಿಯ ತಂದೆ" ಎಂಬಲ್ಲಿ ಗೆರೆ ಎಳೆದು ಬರೆದು ಕಳಿಸಿದೆ: "ಸುಳ್ಳೆಂದು ಖಚಿತವೇ? ಲೇಖಕರು ಖುದ್ದಾಗಿ ಬಂದು ಪರಿಶೀಲಿಸುವುದು."

ಮರುದಿನ ಬಂದ. ಕೂರಲಿಲ್ಲ. ಆ ಹಾಳೆ ಅವನ ಕೈಯಲ್ಲಿತ್ತು.

"ಪರಿಶೀಲಿಸೋದು ಹೇಗೆ?"

"ಅನುಮತಿ ಕೇಳಿ. ಈ ಸಲ ಬದುಕಿರೋರ ಹತ್ರ."

ಅವನು ಕೇಳಿದ. ಅವನ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ, ಅವು ನನ್ನವು. ಒಳಗೆ ಮಷಿನ್ ಓಡುತ್ತಿತ್ತು, ಅರ್ಧ ಕೇಳಿಸಲೂ ಇಲ್ಲ. ಕಿರಿದಾದ ಆ ಎಡಗಣ್ಣನ್ನು ನೋಡಿ ಉಳಿದರ್ಧ ತಿಳಿದುಕೊಂಡೆ.

"ನಾನು ನಿಮ್ಮ ಬಂಗಾರದ ಹಾಳೆ ನಂಬಲ್ಲ. ಯಾವತ್ತೂ," ಎಂದೆ.

"ನಾನು ನಂಬೋದು ಬಿಡಲ್ಲ."

"ಟೆಂಪಲ್ ಒಳಗೆ ಕಾಲಿಡಲ್ಲ. ಅಲ್ಲಿ ಮದುವೆ ಆದ್ರೆ ಮಾತ್ರ ಸತ್ತ ಮೇಲೂ ಜೊತೆಗಿರ್ತೀವಿ ಅಂತ ಎಂಟನೇ ಉತ್ತರದಲ್ಲಿ ನೀವೇ ಬರೆದಿದ್ದೀರಿ. ಹಾಗಾದ್ರೆ ನಾವು ಸಾಯೋವರೆಗೆ ಮಾತ್ರ."

ಅವನು ಉತ್ತರ ಕೊಡಲು ಬಹಳ ಹೊತ್ತು ಹಿಡಿಯಿತು. ನನಗದು ಬರೀ ಮಾತು. ಅವನಿಗೆ ಕೊನೆಯೇ ಇಲ್ಲದ ಕಾಲ. ಅದೆಷ್ಟು ದೊಡ್ಡದನ್ನು ಬಿಟ್ಟುಕೊಡಲು ನಾನು ಅವನನ್ನು ಕೇಳುತ್ತಿದ್ದೇನೆ ಎಂದು ಆ ಮೌನದಲ್ಲಿ ಮೊದಲ ಸಲ ಅರ್ಥವಾಯಿತು. ಬೇಡ ಬಿಡಿ ಎನ್ನಬೇಕೆಂದಿದ್ದೆ.

"ಸಾಯೋವರೆಗೆ ಕೊಡಿ," ಎಂದ. "ಅಷ್ಟು ಸಾಕು ಅಂತ ಸುಳ್ಳು ಹೇಳಲ್ಲ. ಆದ್ರೆ ಅದನ್ನ ಕೊಡಿ."

ನಾನು ಕನ್ನಡಕ ತೆಗೆದು ಅವನ ಮುಂದೆ ಚಾಚಿದೆ. ಅವನು ಜೇಬಿಗೆ ಕೈ ಹಾಕಿ ಸ್ಕ್ರೂಡ್ರೈವರ್ ಹುಡುಕಿದ. ಸ್ಕ್ರೂ ಎರಡು ಸಲ ಕೆಳಗೆ ಬಿತ್ತು.

"ಮಾವಾ," ಎಂದು ಒಳಗೆ ಕೂಗಿದೆ, "ಒಂದು ಕಾಫಿ, ಒಂದು ಬಿಸಿನೀರು." ಆಮೇಲೆ ಅವನ ಕಡೆ ತಿರುಗಿ, "ಎಂಟನೇ ಉತ್ತರದಲ್ಲೂ ತಪ್ಪಿದೆ, ಕೂತ್ಕೊಳ್ಳಿ," ಎಂದೆ.